ತೋಳ ಹಾವೋ, ಕಡಂಬಳವೋ?

ಆಟಿ ಮಳೆಗೆ ನಮ್ಮ ಉಡುಪಿಯ ಹಂಚಿನ ಮನೆಯ ಗೋಡೆಯಲ್ಲಿ ಗೇಣುದ್ದದ ಕಂದು ಹಾವೊಂದು ಹಲ್ಲಿಗಾಗಿ ಕಾದಿತ್ತು. ಮೈಮೇಲೆ ಬಿಳಿ ಪಟ್ಟೆ ಕಂಡವರೆಲ್ಲ "ಕಡಂಬಳ, ಹೊಡೀರಿ" ಎಂದು ಕೂಗಿದರು. ಕಡಂಬಳವೆಂದರೆ ವಿಷದ ಕಟ್ಟು ಹಾವು. ಗೋಡೆಯಲ್ಲಿದ್ದದ್ದು ವಿಷವಿಲ್ಲದ ತೋಳ ಹಾವು. ಈ ಗೊಂದಲಕ್ಕೆ ಎಷ್ಟೋ ತೋಳ ಹಾವುಗಳು ಸಾಯುತ್ತವೆ. ನನಗದು ನಿಜಕ್ಕೂ ಸಂಕಟ.

ಪಟ್ಟೆ ಎಲ್ಲಿ ಶುರುವಾಗುತ್ತದೆ, ಅದನ್ನು ಮೊದಲು ನೋಡಿ. ತೋಳ ಹಾವಿಗೆ ಕುತ್ತಿಗೆಯ ಬಳಿಯೇ ಅಗಲ ಪಟ್ಟೆ, ಬಾಲದತ್ತ ಮಸುಕು. ಕಡಂಬಳದ್ದು ತದ್ವಿರುದ್ಧ: ತಲೆಯ ಹಿಂದೆ ಸ್ವಲ್ಪ ದೂರ ಬರೀ ಹೊಳೆಯುವ ಕಪ್ಪು, ಆಮೇಲೆ ಹೆಚ್ಚಾಗಿ ಜೋಡಿಜೋಡಿ ತೆಳು ಬಿಳಿ ಗೆರೆ, ಬಾಲದವರೆಗೂ ಸ್ಪಷ್ಟ. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಆದರೆ ಅದನ್ನು ಎಣಿಸಲು ಹತ್ತಿರ ಹೋಗಬೇಡಿ, ಫೋನಿನಲ್ಲಿ ದೂರದಿಂದ ಫೋಟೊ ಸಾಕು. ಗಾತ್ರವನ್ನು ನಂಬಬೇಡಿ, ಕಡಂಬಳದ ಮರಿಯೂ ಸಣ್ಣದೇ. ಗೋಡೆ ಏರುವುದರಲ್ಲಿ ತೋಳ ಹಾವು ನಿಪುಣ, ಆದರೂ ಅದೊಂದೇ ಗುರುತಲ್ಲ.

ಇನ್ನೊಂದು ಗೊಂದಲ: ಹೂಕುಂಡದಡಿ ಸಿಗುವ ಎರೆಹುಳದಂಥದ್ದು ಕುರುಡು ಹಾವು. ಎರೆಹುಳಕ್ಕೆ ಉಂಗುರ, ಲೋಳೆ. ಇದಕ್ಕೆ ನುಣುಪು ಹುರುಪೆ. ಇರುವೆ, ಗೆದ್ದಲಿನ ಮೊಟ್ಟೆ ತಿನ್ನುತ್ತದೆ. ಇದರಲ್ಲಿ ಗಂಡೇ ಇಲ್ಲ, ಹೆಣ್ಣೇ ಸಂತಾನ ಬೆಳೆಸುತ್ತದೆ!

ಪಟ್ಟೆಯ ಹಾವಿನ ಬಗ್ಗೆ ಸಂದೇಹವಿದ್ದರೆ ಕಡಂಬಳವೆಂದೇ ತಿಳಿದು ಉರಗ ರಕ್ಷಕರನ್ನು ಕರೆಯಿರಿ. ಕಡಂಬಳ ಕಚ್ಚಿದರೆ ನೋವು, ಬಾವು ಇಲ್ಲದೆಯೂ ಇರಬಹುದು. ನೆಲದಲ್ಲಿ ಮಲಗಿದವರಿಗೆ ರಾತ್ರಿ ಕಚ್ಚಿದ ಶಂಕೆಯಿದ್ದರೂ 108ಕ್ಕೆ ಕರೆ ಮಾಡಿ, ಬೆಳಗಿನವರೆಗೆ ಕಾಯಬೇಡಿ.