ರೋಜಾ ತಿಂಗಳಿಡೀ ಎಳೆದ ರಬ್ಬರ್ ಪಟ್ಟಿಗಳು

ಹಿಂದಿನ ಮೂರು ರಂಜಾನ್‌ಗಳಲ್ಲೂ ಒಂದೇ ಕಥೆ. ಚಂದ್ರ ಕಂಡ ದಿನದಿಂದ ಜಿಮ್ ಬಿಡುತ್ತಿದ್ದೆ, ಈದ್ ಕಳೆದ ಮೇಲೆ ಹೋದರೆ ಬಾರ್ ಹಿಡಿದು ನೇತಾಡಿ ಮೈ ಮೇಲೆತ್ತುವ ಪುಲ್‌ಅಪ್ ಎಂಟು ಇದ್ದದ್ದು ನಾಲ್ಕಕ್ಕೆ ಇಳಿದಿರುತ್ತಿತ್ತು. ಈ ಸಲ ಮನೆಯಲ್ಲೇ ಏನಾದರೂ ಮಾಡೋಣ ಅಂತ ಐದು ಪಟ್ಟಿಗಳ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ) ಸೆಟ್ ತರಿಸಿದೆ. 29 ರೋಜಾ, ಅಂದರೆ ರಂಜಾನ್ ಉಪವಾಸ, ಮುಗಿದಿವೆ, ಈಗ ಬರೆಯುತ್ತಿದ್ದೇನೆ.

ಮೊದಲ ದಿನ ಸಹರಿ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ಮಾಡಿ, ಬೆಳಗಿನ ಜಾವದ ಫಜರ್ ನಮಾಜ್ ಮುಗಿಸಿ, ಹೊಟ್ಟೆ ತುಂಬಿದೆಯಲ್ಲ ಅಂತ ಆಗಲೇ ಶುರು ಮಾಡಿದೆ. ಬೆವರು ಬಂತು, ನೀರು ಕುಡಿಯುವ ಹಾಗಿಲ್ಲ. ಮಧ್ಯಾಹ್ನದ ಜುಹರ್ ನಮಾಜ್ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಮರುದಿನದಿಂದ ಮಗ್ರಿಬ್‌ಗೆ (ಸೂರ್ಯ ಮುಳುಗಿ ಉಪವಾಸ ಬಿಡುವ ಹೊತ್ತಿಗೆ) 25 ನಿಮಿಷ ಮುಂಚೆ ಅಂತ ಬದಲಿಸಿಕೊಂಡೆ. ಕೈಯಿಂದ ಪಟ್ಟಿ ಬಿಡುವುದಕ್ಕೂ ಅಜಾನ್ ಕೇಳುವುದಕ್ಕೂ ಸರಿಹೋಗುತ್ತದೆ, ಖರ್ಜೂರ ಮತ್ತು ನೀರು ಎದುರಿಗೇ ಇರುತ್ತವೆ. ಜೋರಾಗಿ ಮಾಡಲೇಬೇಕು ಅನ್ನುವವರು ಇಫ್ತಾರ್ ಆಗಿ ಒಂದೆರಡು ಗಂಟೆ ಬಿಟ್ಟು ಮಾಡುವುದು ಒಳ್ಳೆಯದು.

ಸೆಟ್ಟಿನ ಜೊತೆ ಒಂದು ಬೆಲ್ಟ್ ಬರುತ್ತದೆ. ಅದರ ಸ್ಪಂಜಿನ ಗಂಟನ್ನು ಬಾಗಿಲ ಆಚೆಗಿಟ್ಟು, ಬಾಗಿಲು ಹಾಕಿ, ಈಚೆಯ ಕುಣಿಕೆಗೆ ಪಟ್ಟಿ ತೂರಿಸಿ ಎಳೆಯಬೇಕು. ನಾನು ಹನ್ನೆರಡು ಸಲ ಎಳೆಯುತ್ತಿದ್ದೆ, ಪ್ರತಿ ಸಲ ಮೂರು ಎಣಿಸುತ್ತಾ ನಿಧಾನಕ್ಕೆ ಹಿಂದೆ ಬಿಡುತ್ತಿದ್ದೆ. ಬೆನ್ನಿಗೆ ಇದು ಬೇಕೇ ಬೇಕು. ರಂಜಾನ್ ರಾತ್ರಿಯ ನಮಾಜ್ ಆದ ತರಾವೀಹ್‌ನ ಇಪ್ಪತ್ತು ರಕಾತ್‌ಗಳಲ್ಲಿ (ನಿಂತು, ಬಾಗಿ, ಮಂಡಿಯೂರುವ ಸುತ್ತುಗಳಲ್ಲಿ) ಮಂಡಿ, ಸೊಂಟ, ತೊಡೆಗಳಿಗೆ ಸಾಕಷ್ಟು ಕೆಲಸ ಸಿಗುತ್ತದೆ, ಆದರೆ ಯಾವುದನ್ನೂ ಎಳೆಯುವ ಕೆಲಸ ಅಲ್ಲಿಲ್ಲ. ಆ ಕೊರತೆಯನ್ನು ಪಟ್ಟಿ ತುಂಬಿಕೊಟ್ಟಿತು.

ನಾಲ್ಕನೇ ರೋಜಾ ದಿನ ಕೂತಲ್ಲಿಂದ ಏಳುವಾಗ ಕಣ್ಣು ಕತ್ತಲೆ ಬಂತು. ಪಟ್ಟಿ ಕೈಬಿಟ್ಟು ಗೋಡೆಗೆ ಒರಗಿ ಕೂತೆ. ಅದೇ ಎದೆಯ ಮೇಲೆ ಬಾರ್‌ಬೆಲ್ ಇದ್ದಿದ್ದರೆ? ಒಬ್ಬರೇ ವ್ಯಾಯಾಮ ಮಾಡುವ ರೋಜಾದಾರರಿಗೆ ಪಟ್ಟಿಯನ್ನೇ ಹೇಳುತ್ತೇನೆ ಅಂದರೆ ಮುಖ್ಯವಾಗಿ ಇದಕ್ಕೇ. ನನ್ನ ತಮ್ಮ ಮಾತ್ರ, 'ಭಾಯ್, ಹಕೀಮ್ ಒಲಾಜುವಾನ್ ರೋಜಾ ಇಟ್ಟುಕೊಂಡೇ ಎನ್‌ಬಿಎ ಆಡ್ತಿದ್ರು, ನೀನು ಇಷ್ಟಕ್ಕೇ ನಿಲ್ಲಿಸ್ತೀಯಾ?' ಅಂದ. ನಿಜ, 1995ರ ಫೆಬ್ರವರಿ ರಂಜಾನ್ ತಿಂಗಳಾಗಿತ್ತು, ಅಮೆರಿಕದ ಆ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆ ತಿಂಗಳ ಶ್ರೇಷ್ಠ ಆಟಗಾರ ಅವರೇ. ಆದರೆ ಅದು ವರ್ಷಗಟ್ಟಲೆ ಪಳಗಿದ ದೇಹ. ನನಗೆ ಈ ತಿಂಗಳು ಇದ್ದದ್ದನ್ನು ಉಳಿಸಿಕೊಂಡರೆ ಸಾಕಿತ್ತು.

ಇನ್ನು ದೂರುಗಳು. 19ನೇ ದಿನ ತೆಳ್ಳನೆಯ ಪಟ್ಟಿ ಪಟ್ ಅಂತ ಹರಿದು ಮೊಣಕೈಗೆ ಬಾರಿಸಿತು, ಬಾಸುಂಡೆ ಎದ್ದಿತು. ತೆಗೆದು ನೋಡಿದರೆ ಅಂಚಿನಲ್ಲಿ ಸಣ್ಣ ಬಿಳಿ ಗೆರೆಗಳು. ಕಿಟಕಿಯ ಬಿಸಿಲಿಗೆ ಬಿಟ್ಟಿದ್ದು ನನ್ನ ತಪ್ಪೇ, ಲ್ಯಾಟೆಕ್ಸ್‌ಗೆ ಬಿಸಿಲು ಆಗಿಬರುವುದಿಲ್ಲ. ಆದರೆ ಆ ಮಾತು ಕೈಪಿಡಿಯಲ್ಲಿ ಎಲ್ಲೂ ಇಲ್ಲ, ಮಾರಿದವರಿಗೆ ಎರಡು ಸಲ ಬರೆದರೂ ಉತ್ತರವಿಲ್ಲ. ದಿನಾ ಎಳೆಯುವ ಮುಂಚೆ ಅಂಚಿನ ಮೇಲೆ ಬೆರಳಾಡಿಸಿ ನೋಡಿ.

ಅದಕ್ಕಿಂತ ಬೇಸರವಾದದ್ದು ಕೈಪಿಡಿಯ ಕೊನೆಯ ಪುಟ: 'ಉಪವಾಸದ ತಿಂಗಳಲ್ಲಿ ದುಪ್ಪಟ್ಟು ಕೊಬ್ಬು ಕರಗಿಸಿ.' ಮೊದಲ ವಾರ ನನ್ನ ತೂಕ 71ರಿಂದ 69.5 ಕಿಲೋಗೆ ಇಳಿದಿತ್ತು. ಹೀಗೆ ಬೇಗ ಇಳಿಯುವುದರಲ್ಲಿ ಹೆಚ್ಚಿನದು ನೀರು. ರೋಜಾದ ನೀಯತ್ತು, ಅಂದರೆ ಉದ್ದೇಶ, ಬೇರೆ, ಅದನ್ನು ತೂಕ ಇಳಿಸುವ ಕೋರ್ಸ್ ಥರ ಮಾರಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಮಾತು ನಂಬಿ ಎಳೆಯಲು ನಿಂತರೆ ಅಪಾಯ. ಅವರು ರೋಜಾ ಶುರುವಾಗುವ ಮೊದಲೇ ವೈದ್ಯರನ್ನು ಕೇಳಬೇಕು.

ಪಟ್ಟಿಗಳಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಮಾರಿದವರಿಗೆ ಒಂದು. ಈದ್‌ನ ಮಾರನೇ ದಿನ ಜಿಮ್ಮಿಗೆ ಹೋಗಿ ಬಾರ್ ಹಿಡಿದೆ. ಏಳು ಪುಲ್‌ಅಪ್ ಸಲೀಸಾಗಿ ಆದವು. ಎಂಟನೆಯದಕ್ಕೆ ಹಣೆ ಬಾರ್ ಮಟ್ಟಕ್ಕೆ ಬಂದು ನಿಂತಿತು, ಗದ್ದ ಮೇಲೆ ಏರಲಿಲ್ಲ.