ಎನ್‌ಕ್ಲೆಕ್ಸ್ ಎರಡನೇ ಸಲ: ಪ್ರಶ್ನೆಬ್ಯಾಂಕೋ, ವಿಡಿಯೊ ಪಾಠವೋ, ದಪ್ಪ ಪುಸ್ತಕವೋ?

ಎನ್‌ಕ್ಲೆಕ್ಸ್-ಆರ್‌ಎನ್ (ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬರೆಯುವ ಪರೀಕ್ಷೆ) ಒಮ್ಮೆ ಕೈಕೊಟ್ಟ ಮೇಲೆ ದುಡ್ಡು ಹೋಗುವ ದಾರಿ ಮುಖ್ಯವಾಗಿ ಮೂರು: ಪ್ರಶ್ನೆಬ್ಯಾಂಕ್ (ಚಂದಾ ಕಟ್ಟಿ ಬಳಸುವ ಅಭ್ಯಾಸದ ಪ್ರಶ್ನೆಗಳ ಸಂಗ್ರಹ), ವಿಡಿಯೊ ಪಾಠ, ದಪ್ಪನೆಯ ರಿವ್ಯೂ ಪುಸ್ತಕ. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ವೋಟು ಪ್ರಶ್ನೆಬ್ಯಾಂಕಿಗೆ. ಅದರಲ್ಲೊಂದು ದೊಡ್ಡ ಕಿರಿಕಿರಿ ಇದೆ ನಿಜ, ಅದರ ಮಾತು ಮುಂದೆ ಬರುತ್ತದೆ.

ಕೊಳ್ಳುವ ಮುಂಚೆ, ಫೇಲಾದವರಿಗೆ ಬರುವ ಪರ್ಫಾರ್ಮೆನ್ಸ್ ರಿಪೋರ್ಟ್ ತೆರೆದಿಟ್ಟುಕೊಳ್ಳಿ. ಬೇಜಾರಿನಲ್ಲಿ ಅದನ್ನು ಓದದೇ ಬಿಡುವವರೇ ಹೆಚ್ಚು. ಒಂದೊಂದು ವಿಭಾಗದಲ್ಲೂ ನೀವು ಪಾಸಿನ ಗೆರೆಗಿಂತ ಮೇಲಿದ್ದಿರೋ, ಹತ್ತಿರವಿದ್ದಿರೋ, ಕೆಳಗಿದ್ದಿರೋ ಅಂತ ಅದರಲ್ಲಿರುತ್ತದೆ. ಎಲ್ಲ ವಿಭಾಗಕ್ಕೂ ಒಂದೇ ತೂಕವಲ್ಲ. ಔಷಧಿ ವಿಭಾಗದಿಂದ 13ರಿಂದ 19 ಶೇಕಡಾ ಪ್ರಶ್ನೆ ಬರುತ್ತವೆ, ಆರೋಗ್ಯ ಸಂವರ್ಧನೆಯಿಂದ 6ರಿಂದ 12. ಎರಡರಲ್ಲೂ ಕೆಳಗಿದ್ದರೆ ಮೊದಲು ಯಾವುದಕ್ಕೆ ಕೂರಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಸಂಖ್ಯೆಯ ಪ್ರಶ್ನೆಯಲ್ಲ, ಕನಿಷ್ಠ 85, ಗರಿಷ್ಠ 150; ಪಾಸೋ ಫೇಲೋ ಖಾತ್ರಿಯಾದಾಗ ಕಂಪ್ಯೂಟರೇ ನಿಲ್ಲಿಸುತ್ತದೆ. ಅದು ಎಷ್ಟನೇ ಪ್ರಶ್ನೆಗೆ ನಿಂತಿತು ಅನ್ನುವುದೂ ಮುಖ್ಯ. 85ಕ್ಕೇ ನಿಂತು ಫೇಲಾಗಿದ್ದರೆ, ನೀವು ಗೆರೆಯ ಕೆಳಗಿದ್ದೀರಿ ಅಂತ ಯಂತ್ರಕ್ಕೆ 95 ಶೇಕಡಾ ಖಾತ್ರಿಯಾಗಿತ್ತು ಅಂತ ಅರ್ಥ, ವಿಷಯವೇ ಸಡಿಲವಾಗಿರಬಹುದು. 150ರವರೆಗೂ ಎಳೆದಿದ್ದರೆ ಕೊನೆತನಕ ಗೆರೆಯ ಆಸುಪಾಸಿನಲ್ಲೇ ಓಡಾಡಿದ್ದೀರಿ. ಅಂಥವರಿಗೆ ಸಾಮಾನ್ಯವಾಗಿ ವಿಷಯ ಗೊತ್ತಿರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಅನ್ನುವಲ್ಲಿ ಎಡವುತ್ತಾರೆ. ಮತ್ತೆ ಮೊದಲಿನಿಂದ ವಿಡಿಯೊ ನೋಡುತ್ತಾ ಕೂತರೆ ಗೊತ್ತಿದ್ದದ್ದನ್ನೇ ಕೇಳಿಸಿಕೊಂಡಂತೆ.

ಈಗ ಆ ಕಿರಿಕಿರಿ. ಮೊದಲ ಸಲ ಬಳಸಿದ ಪ್ರಶ್ನೆಬ್ಯಾಂಕನ್ನೇ ರಿನ್ಯೂ ಮಾಡಿ, ರೀಸೆಟ್ ಒತ್ತಿ ಶುರುಮಾಡಿದರೆ ಅಂಕ ಸರ್ರನೆ ಏರುತ್ತದೆ. 55 ಬರುತ್ತಿದ್ದವರಿಗೆ 75. ಖುಷಿಯೋ ಖುಷಿ. ಏರಿದ್ದು ಬುದ್ಧಿಯಲ್ಲ, ನೆನಪು. ಉತ್ತರ ನೆನಪಿರುತ್ತದೆ, ಕಾರಣ ನೆನಪಿರುವುದಿಲ್ಲ.

ಉದಾಹರಣೆಗೆ, ನರ್ಸ್ ಮೊದಲು ಯಾವ ರೋಗಿಯನ್ನು ನೋಡಬೇಕು ಅನ್ನುವ ಪ್ರಶ್ನೆ. ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವವರ ಆಕ್ಸಿಜನ್ 90 ಶೇಕಡಾ, ಹಾರ್ಟ್ ಫೇಲ್ಯೂರ್ ಇರುವವರ ಕಾಲು ಊದಿದೆ, ಆಪರೇಷನ್ ಆದ ಎರಡನೇ ದಿನದವರಿಗೆ ನೋವು ಹತ್ತಕ್ಕೆ ಆರು, ಥೈರಾಯ್ಡ್ ತೆಗೆದವರಿಗೆ ಬಾಯಿಯ ಸುತ್ತ ಜುಮುಜುಮು. ಉತ್ತರ ಥೈರಾಯ್ಡಿನವರು. ಪಕ್ಕದಲ್ಲೇ ಇರುವ, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದಿರಬಹುದು, ಮುಂದೆ ಗಂಟಲು ಬಿಗಿದು ಉಸಿರೇ ಕಟ್ಟಬಹುದು. ಉಳಿದ ಮೂರೂ ಆ ಕಾಯಿಲೆಯಲ್ಲಿ ನಿರೀಕ್ಷಿಸಿದ್ದೇ. ಎರಡನೇ ಸಲ ಇದೇ ಪ್ರಶ್ನೆ ಕಂಡಾಗ ಕಣ್ಣು ನೇರ "ಥೈರಾಯ್ಡ್" ಪದಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಥೈರಾಯ್ಡಿನವರ ದನಿ ಸ್ವಲ್ಪ ಗೊಗ್ಗರಾಗಿದೆ, ಸಿಒಪಿಡಿಯವರ ಆಕ್ಸಿಜನ್ 84ಕ್ಕಿಳಿದು ಮಂಪರು, ಗೊಂದಲ ಶುರುವಾಗಿದೆ ಅಂತ ಬಂದರೆ? ಮೊದಲ ದಿನದ ಅಲ್ಪಸ್ವಲ್ಪ ಗೊಗ್ಗರು ದನಿ ಮಾಮೂಲು. ಓಡಬೇಕಾದ್ದು ಸಿಒಪಿಡಿಯವರ ಹತ್ತಿರ. ನೆನಪಿನ ಮೇಲೆ ಓದಿದವರು ಮತ್ತೆ ಥೈರಾಯ್ಡನ್ನೇ ಒತ್ತುತ್ತಾರೆ.

ಇದಕ್ಕೆ ಮದ್ದು ಎರಡು. ಹಳೇ ಬ್ಯಾಂಕಿನಲ್ಲಿ ಇನ್ನೂ ಮುಟ್ಟದ ಪ್ರಶ್ನೆ ಸಾವಿರದ ಮೇಲಿದ್ದರೆ ರೀಸೆಟ್ ಬೇಡ, ಫಿಲ್ಟರ್ ಹಾಕಿ ಅವನ್ನಷ್ಟೇ ಮಾಡಿ. ಕಡಿಮೆ ಇದ್ದರೆ ಬೇರೆ ಕಂಪನಿಯ ಬ್ಯಾಂಕ್ ತೆಗೆದುಕೊಳ್ಳಿ. ಹೆಸರು ದೊಡ್ಡದಾಗಿರಲೇಬೇಕೆಂದಿಲ್ಲ, ತಪ್ಪು ಆಯ್ಕೆ ಯಾಕೆ ತಪ್ಪು ಅಂತ ಒಂದೊಂದಕ್ಕೂ ವಿವರಣೆ ಇರಲೇಬೇಕು. ಹಳೇ ಪ್ರಶ್ನೆಯನ್ನೇ ಮಾಡುವ ಪರಿಸ್ಥಿತಿ ಬಂದರೆ, ಉಳಿದ ಮೂರು ಆಯ್ಕೆ ಯಾಕಲ್ಲ ಅಂತ ಬಾಯಿಬಿಟ್ಟು ಹೇಳಲು ಬಂದರಷ್ಟೇ ಸರಿ ಅಂತ ಎಣಿಸಿ. ಪರದೆ ಹಸಿರು ತೋರಿಸಿದರೂ ಸರಿ, ಕಾರಣ ಬರಲಿಲ್ಲವೆಂದರೆ ನಿಮ್ಮ ಪಟ್ಟಿಯಲ್ಲಿ ಅದು ತಪ್ಪು.

ಆ ಪಟ್ಟಿ ನೋಟ್‌ಬುಕ್ಕಿನಲ್ಲೇ ಇರಲಿ, ಪ್ರಶ್ನೆಗೆ ಮೂರು ಸಾಲು: ಯಾವ ಸುಳಿವು ಕಣ್ತಪ್ಪಿತು, ತಪ್ಪು ಉತ್ತರ ಯಾಕೆ ಸರಿ ಅನ್ನಿಸಿತು, ಮುಂದಿನ ಸಲ ಏನು ನೋಡಬೇಕು. ವಿವರಣೆಯನ್ನು ಪೂರ್ತಿ ನಕಲು ಮಾಡಿದರೆ ಕೈನೋವು ಬಿಟ್ಟು ಬೇರೇನೂ ಸಿಗದು.

ವಿಡಿಯೊ ಪಾಠ ಕೆಟ್ಟದ್ದೇನಲ್ಲ. ಆಸಿಡ್-ಬೇಸ್, ಎಲೆಕ್ಟ್ರೊಲೈಟ್, ಇಸಿಜಿ ಥರದ್ದು ತಲೆಗೆ ಹತ್ತದವರಿಗೆ ಅದಕ್ಕಿಂತ ಸಲೀಸಾದ ದಾರಿ ಇಲ್ಲ. ನೋಡುವಾಗ ಎಲ್ಲ ಅರ್ಥವಾದಂತಿರುತ್ತದೆ, ಪ್ರಶ್ನೆ ಎದುರಿಗೆ ಬಂದಾಗ ಬಣ್ಣ ಬಯಲು. ಇನ್ನೊಂದು, ಪರೀಕ್ಷೆ ಬದಲಾದ 2023ರ ಏಪ್ರಿಲ್‌ಗಿಂತ ಮುಂಚಿನ ವಿಡಿಯೊದಲ್ಲಿ ಪರೀಕ್ಷೆಯ ಸ್ವರೂಪ, ಅಂಕದ ಲೆಕ್ಕ ಹೇಳಿದ್ದರೆ ನಂಬಬೇಡಿ. ಸೆಲೆಕ್ಟ್ ಆಲ್ (ಸರಿಯಾದ ಆಯ್ಕೆಗಳನ್ನೆಲ್ಲ ಆರಿಸುವ) ಪ್ರಶ್ನೆಗೆ ಆಗ ಎಲ್ಲವೂ ಸರಿಯಿದ್ದರಷ್ಟೇ ಅಂಕ. ಈಗ ಸರಿಗೆ ಒಂದು ಸೇರುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗಿಳಿಯದು. ಆರರಲ್ಲಿ ನಾಲ್ಕು ಸರಿಯಿದ್ದು, ಖಾತ್ರಿಯಿದ್ದ ಮೂರನ್ನೇ ಒತ್ತಿದರೆ 3; ಅನುಮಾನದಲ್ಲಿ ಆರನ್ನೂ ಒತ್ತಿದರೆ 2.

ದಪ್ಪ ಪುಸ್ತಕ: ಔಷಧಿ ಹುಡುಕಲು ಪಕ್ಕದಲ್ಲಿರಲಿ, ಮೊದಲ ಪುಟದಿಂದ ಓದಲು ಹೋಗಬೇಡಿ.

"ಪರೀಕ್ಷೆಯಲ್ಲಿ ಬಂದದ್ದು" ಅಂತ ಗ್ರೂಪುಗಳಲ್ಲಿ ಓಡಾಡುವ ಪಿಡಿಎಫ್: ಮುಟ್ಟಲೇಬೇಡಿ. ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡೇ ಪರೀಕ್ಷೆಗೆ ಕೂತಿರುತ್ತೇವೆ.

ಸಮಯದ ಲೆಕ್ಕಕ್ಕೆ ಬಂದರೆ, ಎರಡು ಪರೀಕ್ಷೆಗಳ ನಡುವೆ ಕನಿಷ್ಠ 45 ದಿನ ಬಿಡಬೇಕು. ಕೆಲವು ಕಡೆ ನರ್ಸಿಂಗ್ ಬೋರ್ಡಿನ ನಿಯಮ ಇನ್ನೂ ಬಿಗಿ. ಮೊದಲ ಐದು ದಿನ ಪುಸ್ತಕ ಮುಚ್ಚಿಡಿ, ನಿದ್ದೆ ಸರಿಮಾಡಿಕೊಳ್ಳಿ. ಉಳಿದ ನಲವತ್ತರಲ್ಲಿ ವಾರಕ್ಕೊಂದು ರಜೆ ಕಳೆದರೆ ಸುಮಾರು 34 ದಿನ. ದಿನಕ್ಕೆ 50 ಪ್ರಶ್ನೆಯಾದರೆ 1700. ಮಾಡಲು ಒಂದೂಕಾಲು ಗಂಟೆ, ವಿವರಣೆ ಓದಲು ಅದರ ಎರಡರಷ್ಟು. ಡ್ಯೂಟಿ ಇದ್ದ ದಿನ 25 ಸಾಕು. 100 ಮಾಡಿ ವಿವರಣೆ ಓದದಿರುವುದಕ್ಕಿಂತ 25 ಮಾಡಿ ಓದಿದ್ದೇ ಲಾಭ. ಕೊನೆಯ ಎರಡು ವಾರದಲ್ಲಿ ಎರಡು ಸಲವಾದರೂ 150 ಪ್ರಶ್ನೆಯನ್ನು ಒಂದೇ ಕೂರಿಕೆಯಲ್ಲಿ, ಟೈಮರ್ ಹಾಕಿ, ಹಿಂದಿನ ಪ್ರಶ್ನೆಗೆ ಹೋಗದೆ ಮಾಡಿ. ಪರೀಕ್ಷೆ ಐದು ಗಂಟೆಯದು, ಅಲ್ಲೂ ಹಿಂದಕ್ಕೆ ಹೋಗಲು ಬಿಡುವುದಿಲ್ಲ.

ನನ್ನ ಆಯ್ಕೆಗೆ ನನ್ನ ಅಭ್ಯಾಸವೂ ಕಾರಣ: ಪಾಠ ಕೇಳುತ್ತಾ ಕೂತರೆ ಹತ್ತು ನಿಮಿಷಕ್ಕೆ ತೂಕಡಿಕೆ, ಪೆನ್ನು ಕೈಯಲ್ಲಿದ್ದರೆ ಎಚ್ಚರ. ಜೇಬಿನ ಮಾತೂ ಇದೆ. ಪರೀಕ್ಷೆಗೆ ಮತ್ತೆ 200 ಡಾಲರ್, ಅಮೆರಿಕದ ಲೈಸೆನ್ಸಿಗೆ ಹೊರದೇಶದ ಕೇಂದ್ರದಲ್ಲಿ ಬರೆಯುವವರಿಗೆ ಮೇಲೆ 150. ಇಷ್ಟು ಕಟ್ಟಿದ ಮೇಲೆ ಒಂದಕ್ಕಷ್ಟೇ ದುಡ್ಡು ಮಿಕ್ಕಿದ್ದರೆ ಕಣ್ಣುಮುಚ್ಚಿ ಪ್ರಶ್ನೆಬ್ಯಾಂಕ್ ಕೊಳ್ಳಿ. 85ಕ್ಕೇ ನಿಂತು, ರಿಪೋರ್ಟಿನ ತುಂಬ "ಕೆಳಗೆ" ಅಂತಿದ್ದವರು ಮಾತ್ರ ಮೊದಲ ಎರಡು ವಾರ ವಿಡಿಯೊಗೆ ಕೊಟ್ಟು ಆಮೇಲೆ ಬ್ಯಾಂಕಿಗೆ ಬನ್ನಿ. ಚಂದಾ ದಿನ ಎಣಿಕೆ ಶುರುವಾಗುವುದು ಆಕ್ಟಿವೇಟ್ ಒತ್ತಿದಾಗಲೋ ಕೊಂಡಾಗಲೋ ನೋಡಿಕೊಂಡೇ ದುಡ್ಡು ಕಟ್ಟಿ. ಮಲಗಿ ಸುಧಾರಿಸಿಕೊಳ್ಳುವ ಆ ಐದು ದಿನವೂ ಲೆಕ್ಕಕ್ಕೆ ಸೇರಿಬಿಟ್ಟರೆ ನಷ್ಟ.