ತುಮಕೂರಿನಿಂದ ವಿಮಾನ ನಿಲ್ದಾಣಕ್ಕೆ: ದಾಬಸ್‌ಪೇಟೆಯೋ, ಹೆಬ್ಬಾಳವೋ, ರೈಲೋ?

ತುಮಕೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಯಾವ ಕಡೆಯಿಂದ ಹೋದರೂ 90 ಕಿ.ಮೀ. ಆಸುಪಾಸು. ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರ, ದೇವನಹಳ್ಳಿ ಹಿಡಿದರೂ ಅಷ್ಟೇ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಸುತ್ತಿದರೂ ಹೆಚ್ಚೂಕಡಿಮೆ ಅಷ್ಟೇ. ಆದ್ದರಿಂದ ಕಿಲೋಮೀಟರ್ ನೋಡಿ ದಾರಿ ಆರಿಸಿ ಪ್ರಯೋಜನವಿಲ್ಲ. ವಿಮಾನ ಎಷ್ಟು ಹೊತ್ತಿಗೆ, ನಡುದಾರಿಯಲ್ಲಿ ಏನಾದರೂ ಕೈಕೊಟ್ಟರೆ ಬೇರೆ ಗತಿ ಉಂಟೇ ಎಂಬ ಎರಡೇ ಪ್ರಶ್ನೆ ಕೇಳಿಕೊಳ್ಳಬೇಕು. ಕಾರಿನ ಎರಡು ದಾರಿ, ಜೊತೆಗೆ ರೈಲು–ಮೆಟ್ರೊ–ಬಸ್ಸಿನ ದಾರಿ, ಮೂರನ್ನೂ ನಸುಕಿನಲ್ಲಿ, ಮಧ್ಯಾಹ್ನ, ರಾತ್ರಿ ಬಳಸಿ ನೋಡಿ ಬರೆದ ಹೋಲಿಕೆ ಇದು.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ದೇಶದೊಳಗಿನ ವಿಮಾನಕ್ಕೆ ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ, ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು. ಬೆಳಿಗ್ಗೆ 7ರ ವಿಮಾನವಾದರೆ 6ಕ್ಕೆ ಕೌಂಟರ್ ಬಂದ್. ಸಾಲಿಗೆ ಒಂದು ಗಂಟೆ ಇಟ್ಟುಕೊಂಡರೆ 5ಕ್ಕೆ ಟರ್ಮಿನಲ್ ಬಾಗಿಲಲ್ಲಿರಬೇಕು. ವಿದೇಶ ಪ್ರಯಾಣಕ್ಕೆ ಇದರ ಮೇಲೆ ಇನ್ನೊಂದು ಗಂಟೆ. ವೆಬ್ ಚೆಕ್-ಇನ್ ಮಾಡಿದ್ದೇವಲ್ಲ ಎಂದು ತಡವಾಗಿ ಹೊರಡುವವರು ಮರೆಯುವುದೇ ಇದನ್ನು: ಸೂಟ್‌ಕೇಸ್ ಕೊಡುವುದಿದ್ದರೆ ವೆಬ್ ಚೆಕ್-ಇನ್‌ನಿಂದ ಕೌಂಟರಿನ ಗಡುವು ಒಂದು ನಿಮಿಷವೂ ಮುಂದೆ ಹೋಗುವುದಿಲ್ಲ.

ನಸುಕಿನ ವಿಮಾನಕ್ಕೆ ದಾಬಸ್‌ಪೇಟೆ ದಾರಿಗೆ ಸಾಟಿಯಿಲ್ಲ. ಬೆಂಗಳೂರಿನ ನೆರಳೂ ಸೋಕದೆ ಒಂದೂವರೆಯಿಂದ ಒಂದೂಮುಕ್ಕಾಲು ಗಂಟೆಯಲ್ಲಿ ಮುಟ್ಟಬಹುದು. 7ರ ವಿಮಾನಕ್ಕೆ 3ಕ್ಕೆ ಮನೆ ಬಿಟ್ಟರೆ ಕಾಲು ಗಂಟೆ ಕೈಯಲ್ಲಿ ಉಳಿಯುತ್ತದೆ. ದಾಬಸ್‌ಪೇಟೆಯಲ್ಲಿ ಮೇಲ್ಸೇತುವೆ ಹತ್ತದೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಬೇಕು. ತಪ್ಪಿದರೆ ಮುಂದೆ ಹೋಗಿ ತಿರುಗಿ ಬರಬೇಕು. ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ 40 ಕಿ.ಮೀ.ಗಿಂತ ತುಸು ಹೆಚ್ಚು, ಮುಂದೆ ದೇವನಹಳ್ಳಿಗೆ 20ರಷ್ಟು. ಈ ರಸ್ತೆ ಬೆಂಗಳೂರಿನ ಸುತ್ತಲಿನ ಊರುಗಳನ್ನು ಕೂಡಿಸುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯಾಗಿ ಅಗಲವಾದ ಮೇಲೆ ದೊಡ್ಡಬಳ್ಳಾಪುರ ಊರೊಳಗೆ ನುಗ್ಗುವ ಕೆಲಸವಿಲ್ಲ, ಬೈಪಾಸಿನಲ್ಲೇ ದಾಟಬಹುದು. ಮ್ಯಾಪ್ ಕೆಲವೊಮ್ಮೆ ಎರಡು ನಿಮಿಷ ಉಳಿಸಲು ಹಳೇ ರಸ್ತೆಗೆ ಎಳೆಯುತ್ತದೆ, ಕಿವಿಗೊಡಬೇಡಿ. ದೇವನಹಳ್ಳಿ ಕಡೆಯಿಂದ ಇಳಿಯುವುದರಿಂದ ಸಾದಹಳ್ಳಿ ಟೋಲ್ ಕೂಡ ಸಿಗುವುದಿಲ್ಲ.

ಟೋಲ್ ಅಂದಮೇಲೆ ಇದೂ ಇರಲಿ. ಹೆದ್ದಾರಿಯಲ್ಲಿ ಕ್ಯಾತ್ಸಂದ್ರದ ಟೋಲ್, ರಿಂಗ್ ರಸ್ತೆಯಲ್ಲಿ ಹುಲಿಕುಂಟೆ ಟೋಲ್. ಫಾಸ್ಟ್ಯಾಗ್‌ನಲ್ಲಿ ಹಣವಿಲ್ಲದಿದ್ದರೆ 2025ರ ನವೆಂಬರ್ 15ರಿಂದ ನಗದಿಗೆ ಎರಡರಷ್ಟು, ಯುಪಿಐಗೆ ಒಂದೂಕಾಲರಷ್ಟು ಕಟ್ಟಬೇಕು. ದುಡ್ಡಿಗಿಂತ ಕಳೆಯುವ ಹೊತ್ತು ದೊಡ್ಡದು. ಟೋಲ್ ಕಂಬದ ಎದುರು ರೀಚಾರ್ಜ್ ಮಾಡಿದ್ದು ತಕ್ಷಣ ತೋರಿಸದೇ ಹೋಗಬಹುದು, ಹಿಂದಿನ ಲಾರಿ ಹಾರ್ನ್ ನಿಲ್ಲಿಸುವುದಿಲ್ಲ. ಹಿಂದಿನ ದಿನ ಸಂಜೆಯೇ ತುಂಬಿಸಿಡಿ.

ಈ ದಾರಿಯ ದೌರ್ಬಲ್ಯವೂ ಅದರ ನೆಮ್ಮದಿಯಲ್ಲೇ ಇದೆ. ರಾತ್ರಿ ಮೂರೂವರೆಗೆ ಪಂಕ್ಚರ್ ಆದರೆ ಕೈ ಅಡ್ಡ ಹಾಕಿ ಇನ್ನೊಂದು ಗಾಡಿ ಹತ್ತುವಂತಿಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕ್ ಇದೆಯೇ ಎಂದು ಬಾಡಿಗೆ ಕಾರಿನವರನ್ನೂ ಮುಲಾಜಿಲ್ಲದೆ ಕೇಳಿ. ಪೆಟ್ರೋಲನ್ನು ತುಮಕೂರಿನಲ್ಲೇ ತುಂಬಿಸಿ. ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದ ಲಾರಿಗಳು ಹಿಂದಿನ ದೀಪವಿಲ್ಲದೆ ಬದಿಯಲ್ಲಿ ನಿಂತಿರುತ್ತವೆ, ಹಳ್ಳಿಗಳ ಹತ್ತಿರ ದ್ವಿಚಕ್ರ ವಾಹನ ಎದುರಿನಿಂದಲೇ ಬರುತ್ತದೆ. ರಸ್ತೆ ಖಾಲಿ ಇದೆಯೆಂದು ವೇಗ 100 ಮೀರಿಸುವುದು ಬೇಡವೆನ್ನಲು ಇವೆರಡೇ ಸಾಕು. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಸುತ್ತ ಮಂಜು ದಟ್ಟ. ಹೊರಡುವ ಸಮಯವನ್ನು ಅರ್ಧ ಗಂಟೆ ಹಿಂದೆ ಸರಿಸಿ. ಅದೇ ಮಂಜಿಗೆ ವಿಮಾನವೂ ತಡವಾಗಬಹುದು ನಿಜ, ಆದರೆ ವಿಮಾನ ತಡವೆಂದು ಕೌಂಟರ್ ತಡವಾಗಿ ಮುಚ್ಚುತ್ತದೆ ಎಂದು ನಂಬಿ ಕೂರಬೇಡಿ.

ಹೆಬ್ಬಾಳದ ದಾರಿಗೆ ಇದಕ್ಕೆ ತದ್ವಿರುದ್ಧ ಗುಣ. ಎಲ್ಲೆಂದರಲ್ಲಿ ತಡ, ಆದರೆ ಎಲ್ಲೆಂದರಲ್ಲಿ ಪರ್ಯಾಯ. ಕಾರು ಕೆಟ್ಟರೆ ಗೊರಗುಂಟೆಪಾಳ್ಯದಲ್ಲೋ ಹೆಬ್ಬಾಳದಲ್ಲೋ ಇನ್ನೊಂದು ಕಾರು ಸಿಕ್ಕೀತು. ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಂದೂಮುಕ್ಕಾಲು, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ 8 ದಾಟಿದ ಮೇಲೆ ಗೊರಗುಂಟೆಪಾಳ್ಯದಿಂದ ಹೆಬ್ಬಾಳದವರೆಗಿನ 10 ಕಿ.ಮೀ. ಚಿಲ್ಲರೆ ಇಡೀ ಲೆಕ್ಕ ಕೆಡಿಸುತ್ತದೆ. ಒಟ್ಟು ಮೂರು ಗಂಟೆಯಾದರೂ ಆಶ್ಚರ್ಯವಿಲ್ಲ. ಭಾನುವಾರ ಸಂಜೆ ಊರಿಂದ ಮರಳುವವರ ಸಾಲು ನೆಲಮಂಗಲದಲ್ಲೇ ಶುರು. ಸೋಮವಾರ ಬೆಳಿಗ್ಗೆ 10ರ ವಿಮಾನಕ್ಕೆ ಈ ದಾರಿ ಹಿಡಿಯುವುದು ಜೂಜು. ನಡುವೆ ಬೆಂಗಳೂರಲ್ಲಿ ಯಾರನ್ನಾದರೂ ಹತ್ತಿಸಿಕೊಳ್ಳುವುದಿದ್ದರೆ ಮಾತ್ರ ನಾವು ಇದನ್ನು ಆರಿಸುತ್ತೇವೆ.

ಮೂರನೆಯದು ಅಗ್ಗದ್ದು. ಮಧ್ಯಾಹ್ನ ಅಥವಾ ಸಂಜೆಯ ವಿಮಾನಕ್ಕೆ, ಒಂದೇ ಬ್ಯಾಗಿನವರಿಗೆ, ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಒಂದು, ಒಂದೂಕಾಲು ಗಂಟೆ. ನೆಲಮಂಗಲದ ಜಾಮ್ ರೈಲಿಗೆ ತಟ್ಟುವುದಿಲ್ಲ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ‘ವಾಯು ವಜ್ರ’ ಬಸ್, ಸಂಖ್ಯೆ ಕೆಐಎ-9. ರೈಲಿನ ಸಮಯ ಹೊಂದದಿದ್ದರೆ ಬಸ್ಸಿನಲ್ಲಿ ಬಂದು ಮಾದಾವರದಲ್ಲಿ ಇಳಿದು ಮೆಟ್ರೊ ಹಿಡಿಯಬಹುದು. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಅಲ್ಲಿಯವರೆಗೆ ಬಂದ ಮೇಲೆ ತುಮಕೂರಿನವರಿಗೆ ಬೆಂಗಳೂರು ಮಾದಾವರದಲ್ಲೇ ಶುರುವಾದಂತೆ. ನಿಮ್ಮ ಬಸ್ ಅಲ್ಲಿ ನಿಲ್ಲಿಸುತ್ತದೆಯೇ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿ.

ಯಶವಂತಪುರದಿಂದ ನೇರ ಹೆಬ್ಬಾಳಕ್ಕೆ ಹೋಗಿ ಅಲ್ಲಿ ವಾಯು ವಜ್ರ ಹತ್ತಿದರೆ ದೂರ ಕಡಿಮೆಯಲ್ಲವೇ? ನಕ್ಷೆಯಲ್ಲಿ ಕಡಿಮೆ. ಹೆಬ್ಬಾಳಕ್ಕೆ ಬರುವ ಹೊತ್ತಿಗೆ ಬಸ್ಸಿನಲ್ಲಿ ಸೀಟೂ ಇರುವುದಿಲ್ಲ, ಲಗೇಜ್ ಕಟ್ಟೆಯೂ ಭರ್ತಿ. ಮೆಜೆಸ್ಟಿಕ್‌ನಲ್ಲಿ ಬಸ್ ಖಾಲಿಯಾಗಿ ಹೊರಡುತ್ತದೆ, ಸೂಟ್‌ಕೇಸ್ ಇಟ್ಟು ಕೂರಬಹುದು. ಸ್ವಲ್ಪ ಹಿಂದೆ ಹೋಗಿ ಹತ್ತುವುದೇ ಲಾಭ. ಮೆಟ್ರೊದಲ್ಲಿ ಬ್ಯಾಗಿನ ಅಳತೆಗೆ ಮಿತಿಯಿದೆ: 60×45×25 ಸೆಂ.ಮೀ., 15 ಕೆ.ಜಿ. ದೊಡ್ಡ ವಿದೇಶ ಪ್ರಯಾಣದ ಸೂಟ್‌ಕೇಸ್ ಎರಡಿದ್ದರೆ ಈ ದಾರಿಯ ಯೋಚನೆಯೇ ಬೇಡ. ಮನೆಯಿಂದ ಟರ್ಮಿನಲ್‌ಗೆ ನಾಲ್ಕು ಗಂಟೆ ಇಟ್ಟುಕೊಂಡರೆ ಧಾವಂತವಿಲ್ಲ. ಮೂರೂವರೆ ಆದೀತು, ಆದರೆ ಒಂದು ಸಂಪರ್ಕ ತಪ್ಪಿದರೂ ಎದೆ ಹೊಡೆದುಕೊಳ್ಳುತ್ತದೆ. ವಿಮಾನ ನಿಲ್ದಾಣದ ರೈಲು ನಿಲುಗಡೆ ಇದೆಯಲ್ಲ ಎನ್ನುವವರಿಗೆ: 2021ರ ಜನವರಿಯಲ್ಲಿ ಶುರುವಾದ ಅದು ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿದೆ. ಚಿಕ್ಕಬಳ್ಳಾಪುರದವರ ಪುಣ್ಯ, ನಮ್ಮದಲ್ಲ.

ಸ್ವಂತ ಕಾರೋ ಬಾಡಿಗೆಯೋ ಎಂಬ ಪ್ರಶ್ನೆ ರಾತ್ರಿಗಳ ಎಣಿಕೆಯಲ್ಲಿ ಬಗೆಹರಿಯುತ್ತದೆ. ಒಂದು ರಾತ್ರಿಯ ಪ್ರಯಾಣಕ್ಕೆ ಕಾರು ನಿಲ್ಲಿಸಿ ಹೋಗುವುದು ಸರಿ. ಅದಕ್ಕೂ ಮೀರಿದರೆ ಪಾರ್ಕಿಂಗ್ ಶುಲ್ಕ ದಿನದ ಲೆಕ್ಕದಲ್ಲಿ ಏರುತ್ತದೆ, ಬಾಡಿಗೆಯ ಜೊತೆ ಹೋಲಿಸಿ ನೋಡಿ. ಬಾಡಿಗೆ ಮಾತಾಡುವಾಗ ‘ಏರ್‌ಪೋರ್ಟ್ ಡ್ರಾಪ್’ ಎಂದೇ ಕೇಳಿ. ಬರೀ ಹೊರಊರಿನ ಬಾಡಿಗೆ ಎಂದರೆ ಕನಿಷ್ಠ ಕಿಲೋಮೀಟರಿನ ಲೆಕ್ಕ ಬಂದು ಓಡದ ದೂರಕ್ಕೂ ದುಡ್ಡು ಕಟ್ಟಬೇಕಾಗುತ್ತದೆ. ಟೋಲ್ ಸೇರಿದೆಯೇ ಎಂಬುದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ. ರಾತ್ರಿ 3ರ ಗಾಡಿಗೆ ಆ್ಯಪ್ ನೆಚ್ಚುವುದಕ್ಕಿಂತ ಊರಿನ ಟ್ಯಾಕ್ಸಿ ಸ್ಟ್ಯಾಂಡಿನವರಿಗೆ ಹಿಂದಿನ ದಿನ ಹೇಳಿ, ಮಲಗುವ ಮುನ್ನ ಚಾಲಕನಿಗೇ ಒಮ್ಮೆ ಫೋನ್ ಮಾಡುವುದು ವಾಸಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹಗಲಿನ ವಿಮಾನದವರಿಗಿರಲಿ.

ದಾರಿ ಯಾವುದಾದರೂ ಬಾಗಿಲಲ್ಲಿ ಎಡವುವುದು ಒಂದೇ ಥರ. ಟರ್ಮಿನಲ್ 1, 2ರಲ್ಲಿ ಯಾವುದೆಂದು ಟಿಕೆಟ್‌ನಲ್ಲಿ ನೋಡಿ ಚಾಲಕನಿಗೆ ಮೊದಲೇ ಹೇಳಿ. ವಿದೇಶದ ವಿಮಾನಗಳು 2ರಿಂದ. ತಪ್ಪಿ ಇಳಿದರೆ ಎರಡರ ನಡುವೆ ಉಚಿತ ಷಟಲ್ ಬಸ್ ಇದೆ, ಆದರೆ ಅದಕ್ಕೆ ಕಾಯುವ ಸಮಯ ನಿಮ್ಮದು. ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಆ್ಯಪ್‌ನವರ ಸಾಲು ಚಿಕ್ಕದಿರುತ್ತದೆ, ಆದರೆ ನಮ್ಮವರಿಗೆ ಇನಿಷಿಯಲ್ ಕಾಟ: ಆಧಾರ್‌ನಲ್ಲಿ ಅಪ್ಪನ ಹೆಸರಿನ ಒಂದಕ್ಷರ, ಟಿಕೆಟ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಬೋರ್ಡಿಂಗ್ ಪಾಸ್ ಸೇರಿಸುವಾಗಲೇ ತಕರಾರು ಬರಬಹುದು. ಟಿಕೆಟ್ ತೆಗೆಯುವಾಗ ಆಧಾರ್ ಎದುರಿಟ್ಟುಕೊಂಡು ಇದ್ದಂತೆಯೇ ಬರೆಯಿರಿ. ಮೂಲ ಗುರುತಿನ ಚೀಟಿ ಜೇಬಲ್ಲಿರಲಿ, ಅದರ ಫೋಟೊ ನೆಚ್ಚಬೇಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೇ ಬರುತ್ತದೆ. ಅದನ್ನು ದೊಡ್ಡ ಬ್ಯಾಗಿಗೆ ಹಾಕಿ ಕೊಟ್ಟವರನ್ನು ವಾಪಸ್ ಕರೆದು ಬ್ಯಾಗ್ ಬಿಚ್ಚಿಸುತ್ತಾರೆ. ಉಪ್ಪಿನಕಾಯಿ ಇದಕ್ಕೆ ಉಲ್ಟಾ: ಕೈಚೀಲಕ್ಕೆ ಬೇಡ, ಗಟ್ಟಿ ಮುಚ್ಚಳ ಹಾಕಿ ಎರಡು ಕವರ್ ಸುತ್ತಿ ಕೊಡುವ ಲಗೇಜಿಗೆ. ಇನ್ನು ತಿಪಟೂರು ಕಡೆಯವರು ನೆಂಟರಿಗೆಂದು ಒಯ್ಯುವ ಕೊಬ್ಬರಿ. ಒಣ ಕೊಬ್ಬರಿಯ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದು ಯುಎನ್ 1363 ಎಂಬ ಸಂಖ್ಯೆಯಲ್ಲಿ, 4.2ನೇ ವರ್ಗದಲ್ಲಿದೆ. ಕೈಚೀಲವಾಗಲಿ ಸೂಟ್‌ಕೇಸಾಗಲಿ, ಎಕ್ಸ್-ರೇಯಲ್ಲಿ ಕಂಡರೆ ಅಲ್ಲಿಯೇ ಬಿಟ್ಟು ಹೋಗಬೇಕು. ನಾಲ್ಕು ದಿನ ಮೊದಲೇ ರಸ್ತೆ ಮಾರ್ಗದ ಪಾರ್ಸೆಲ್‌ನಲ್ಲಿ ಕಳಿಸಿಬಿಡಿ.

ಬರುವಾಗ ಮಾತ್ರ ಲೆಕ್ಕ ತಿರುಗುಮುರುಗು. ಗಡುವಿಲ್ಲವಾದ್ದರಿಂದ ರಾತ್ರಿ 9ರ ಮೇಲೆ ಇಳಿದವರಿಗೆ ವಾಯು ವಜ್ರದಲ್ಲಿ ಮೆಜೆಸ್ಟಿಕ್, ಅಲ್ಲಿಂದ ತುಮಕೂರು ಬಸ್ಸೇ ಸಾಕು. ಹುಬ್ಬಳ್ಳಿ, ದಾವಣಗೆರೆ ಕಡೆಯ ದೂರದ ಬಸ್ ಹತ್ತುವುದಾದರೆ ಊರೊಳಗೆ ಹೋಗುತ್ತದೋ ಬೈಪಾಸಿನಲ್ಲೇ ಇಳಿಸುತ್ತದೋ ಕೇಳಿಕೊಂಡೇ ಹತ್ತಿ. ನಡುರಾತ್ರಿ ಬೈಪಾಸಿನಲ್ಲಿ ಆಟೊ ಸಿಗುವುದು ಕಷ್ಟ.